ನಡುಗೋಡೆಯ ಕರಾರು

ಸಹಿ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಅಳುಕು. ಇಡೀ ಆಯುಷ್ಯ ಕಚೇರಿಯಲ್ಲಿ ಸಹಿ ಮಾಡಿಯೇ ಅನ್ನ ಉಂಡವನು ಹೀಗೆನ್ನುವುದು ತಮಾಷೆಯೇ ಸರಿ. ಆದರೆ ಕಚೇರಿಯ ಸಹಿಯ ಮಾತು ಬೇರೆ. ಅದನ್ನು ಯಾರೂ ಓದಲಾರರು, ನಾನೂ ಓದಲಾರೆ. ಗುರುತಿನವರ ನಡುವೆ ಕಾಗದ ಬಂತೆಂದರೆ ಮಾತ್ರ ನಮ್ಮ ಬಿಜಾಪುರದ ಕಡೆಯವರ ಮುಖ ಸಣ್ಣದಾಗುತ್ತದೆ. ‘ಬರೆದು ಕೊಡು’ ಅಂದರೆ ‘ನಿನ್ನ ಮೇಲೆ ನಂಬಿಗೆಯಿಲ್ಲ’ ಅಂದಹಾಗೆ. ನಮ್ಮ ತಂದೆ ಎತ್ತಿನ ವ್ಯಾಪಾರವನ್ನು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಮುಗಿಸುತ್ತಿದ್ದರು. ಆಮೇಲೆ ಎಲೆ ಅಡಿಕೆ ಹಾಕಿಕೊಂಡರೆ ಅದೇ ರಿಜಿಸ್ಟ್ರಿ.

ಪುಣೆಯಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿ ಮನುಷ್ಯ ಮಾತಾಡುವುದಕ್ಕಿಂತ ಮೊದಲು ಅವನ ಗೇಟು ಮಾತಾಡುತ್ತದೆ. ಸ್ವಾರಗೇಟಿನಿಂದ ಪರ್ವತಿಯ ಕಡೆ ಹೋಗುವ ಹಾದಿಯಲ್ಲಿ ನಾವಿದ್ದ ಜೋಡುಮನೆಯ ಇನ್ನರ್ಧ ಸಹಸ್ರಬುದ್ಧೆ ಮಾಸ್ತರರದು. ಹೆಸರೇ ಹಾಗೆ, ಸಾವಿರ ಬುದ್ಧಿಗಳ ಪಕ್ಕದಲ್ಲಿ ನನ್ನದೊಂದು ಬಡ ಬುದ್ಧಿ ಒಂಬತ್ತು ಇಂಚಿನ ಗೋಡೆಗೆ ಆತುಕೊಂಡು ಬದುಕಿತ್ತು. ಅವರು ಭೂಗೋಳ ಕಲಿಸಿ ನಿವೃತ್ತರಾದವರು. ಗೇಟಿಗೆ ಒಂದು ಫಲಕ: ‘ಗಂಟೆ ಒಮ್ಮೆ ಒತ್ತಿರಿ. ನಾವು ಮುದುಕರು, ಕಿವುಡರಲ್ಲ.’ ಮುಂದಿನ ಕಟ್ಟೆಗೆ ಇನ್ನೊಂದು: ‘ಇದು ಕೂಡುವ ಕಟ್ಟೆ, ರಾಜಕಾರಣದ್ದಲ್ಲ.’ ಎರಡೂ ಅವರದೇ ದುಂಡು ಅಕ್ಷರ. ಮೊದಮೊದಲು ನನಗೆ ಅವು ಬೈದಂತೆ ಕೇಳುತ್ತಿದ್ದವು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಅವು ಬೈಗುಳವಲ್ಲ, ಮಾಸ್ತರರ ಶಿಷ್ಟಾಚಾರ ಎಂಬುದು ತಿಳಿಯಿತು.

ಆ ಕಟ್ಟೆಯ ಮೇಲೆ ದಿನಾ ಸಂಜೆ ಕೂಡುತ್ತಿದ್ದವರು ನಮ್ಮ ಅವ್ವ ಮತ್ತು ಮಾಸ್ತರರ ಹೆಂಡತಿ. ಓಣಿಯವರೆಲ್ಲ ಆಕೆಯನ್ನು ಕಾಕೂ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಅವ್ವನಿಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು. ಒಬ್ಬಾಕೆ ಮೆಂತ್ಯದ ಸೊಪ್ಪು ಸೋಸುತ್ತ ಕನ್ನಡದಲ್ಲಿ ಸೊಸೆಯ ಮೇಲೆ ದೂರು ಹೇಳಬೇಕು, ಇನ್ನೊಬ್ಬಾಕೆ ಅಕ್ಕಿಯ ಹರಳು ಆರಿಸುತ್ತ ಮರಾಠಿಯಲ್ಲಿ ಗಂಡನ ಮೇಲೆ ಹೇಳಬೇಕು. ಇಬ್ಬರೂ ತಲೆದೂಗಬೇಕು. ನಾವು ಓದಿದವರು ಒಂದೇ ಭಾಷೆಯಲ್ಲಿ ಮಾತಾಡಿಯೂ ಅಷ್ಟು ಒಪ್ಪಿದ್ದನ್ನು ನಾನು ಕಂಡಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ರವಿವಾರ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಸ್ಟಾಂಪ್ ಪೇಪರು. ತಮ್ಮ ಹಿಂದಿನ ಅಂಗಳದಲ್ಲಿ ಒಂದು ಸಣ್ಣ ಕೋಣೆ ಕಟ್ಟಿಸುತ್ತೇವೆ, ಅದರ ತೊಲೆ ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ ಕೂಡಬೇಕು, ಅದಕ್ಕೆ ನಿಮ್ಮ ಒಪ್ಪಿಗೆ ಬೇಕು ಎಂದರು. ನನಗೋ ಉದಾರತೆ ಉಕ್ಕಿ ಬಂತು. ಕಾಗದವನ್ನು ಕೈಯಿಂದ ಮೆಲ್ಲಗೆ ಸರಿಸಿ, “ಛೇ, ನಮ್ಮ ನಡುವೆ ಇದೆಲ್ಲ ಯಾಕ್ರಿ ಮಾಸ್ತರ? ನಿಮ್ಮ ಮಾತೇ ಸಾಕು,” ಎಂದು ನನ್ನ ಅತ್ಯುತ್ತಮ ಮರಾಠಿಯಲ್ಲಿ ಹೇಳಿದೆ. ಚಹಾ ತರಲು ಒಳಗೆ ಕೂಗಿದೆ. ಚಹಾ ಬರುವಷ್ಟರಲ್ಲಿ ಮಾಸ್ತರರು ಎದ್ದು ಹೋಗಿದ್ದರು.

ಆಮೇಲೆ ಅವರ ಮುಖ ಗಂಟು. ಕಾಕೂ ಕಟ್ಟೆಗೆ ಬರುವುದನ್ನೂ ನಿಲ್ಲಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಜೋಶಿ, ಹಳೇ ಪುಣೆಯ ಸದಾಶಿವ ಪೇಠದಲ್ಲೇ ಹುಟ್ಟಿ ಬೆಳೆದವನು, ಕಥೆ ಕೇಳಿ ಹಣೆ ಹಣೆ ಬಡಿದುಕೊಂಡ. “ಅರೆ ದೇಸಾಯಿ, ನೀನು ಒಪ್ಪಿಗೆ ಕೊಟ್ಟೆ ಅಂತ ತಿಳಿದಿದ್ದೀಯಾ? ಪುಣೆಯವನು ಕಾಗದ ಮುಂದೆ ಹಿಡಿದಾಗ ಬೇಡ ಅಂದರೆ, ‘ನಾಳೆ ತಕರಾರು ಮಾಡುವ ಹಕ್ಕು ನನ್ನ ಹತ್ತಿರವೇ ಇರಲಿ’ ಅಂದಂತೆ. ಅವನು ಕಷ್ಟಪಟ್ಟು ಬರೆದದ್ದನ್ನು ಓದಿ, ಎರಡು ತಪ್ಪು ತೆಗೆ. ಆಗ ಖುಷಿಯಾಗುತ್ತಾನೆ.” ನಾನು ಸಕ್ಕರೆ ಕೊಟ್ಟೆನೆಂದುಕೊಂಡದ್ದು ಅವರಿಗೆ ಉಪ್ಪಾಗಿತ್ತು.

ಅಂದು ಸಂಜೆಯೇ ಹೋಗಿ, ಕರಾರು ಓದಬೇಕಿತ್ತು, ಕೊಡಿ ಎಂದೆ. ಮಾಸ್ತರರ ಮುಖ ಅರಳಿತು. ಕರಾರಿನಲ್ಲಿ ಅವರು ‘ಲಿಹೂನ ಘೇಣಾರ’, ಬರೆಸಿಕೊಳ್ಳುವವರು. ನಾನು ‘ಲಿಹೂನ ದೇಣಾರ’, ಬರೆದುಕೊಡುವವನು. ಅವರು ಏನೊಂದನ್ನೂ ಬಿಟ್ಟಿರಲಿಲ್ಲ. ನಮ್ಮ ಕಡೆಯ ಗಾರೆ ಗಿಲಾವು ಉದುರಿದರೆ ಅವರೇ ಮೆತ್ತಿಸಬೇಕು. ಮಧ್ಯಾಹ್ನ ಮಲಗುವ ಹೊತ್ತಿಗೆ ಸುತ್ತಿಗೆ ಎತ್ತಬಾರದು. ಮುಂದೆ ನಾನು ಕಟ್ಟಿದರೆ ಇದೇ ಗೋಡೆಯ ಮೇಲೆ ನನ್ನ ತೊಲೆಗೂ ಅಷ್ಟೇ ಅಧಿಕಾರ. ಕೆಲಸಕ್ಕೆ ಮುಂಚೆ ನಮ್ಮ ಗೋಡೆಯಲ್ಲಿರುವ ಹಳೆಯ ಬಿರುಕುಗಳನ್ನೂ ಗುರುತಿಸಿಕೊಳ್ಳಬೇಕಂತೆ, ಆಮೇಲೆ ಹೊಸ ಬಿರುಕು ಯಾವುದು ಎಂಬ ವಾದ ಬರಬಾರದಲ್ಲ. ಮರುದಿನ ಪೆನ್ಸಿಲು ಹಿಡಿದು ಬಂದು, ಸ್ಟೂಲು ಹತ್ತಿ, ನಮ್ಮ ಬಿರುಕುಗಳ ನಕಾಶೆ ಬರೆದರು. ಒಂದನ್ನು ನೋಡಿ, “ಹುಬೇಹೂಬ ಭೀಮಾ ನದಿ,” ಥೇಟ್ ಭೀಮೆಯೇ, ಎಂದು ಮೆಚ್ಚಿದರು. ನಮ್ಮ ಗೋಡೆಯನ್ನು ಅಷ್ಟು ಪ್ರೀತಿಯಿಂದ ನಾನು ಎಂದೂ ನೋಡಿರಲಿಲ್ಲ. ಬರೆದು ಇಡುವುದೂ ಒಂದು ಬಗೆಯ ಮರ್ಯಾದೆಯಿರಬಹುದು ಎಂದು ಮೊದಲ ಸಲ ಅನ್ನಿಸಿತು.

ಸಹಿ ಮಾಡಲು ಪೆನ್ನು ತೆಗೆದವನು, ಕೊನೆಯ ಹಾಳೆಯಲ್ಲಿ ಆ ಕೋಣೆ ಯಾವುದು ಎಂಬುದನ್ನು ಓದಿ ನಿಂತೆ. ಮಾಸ್ತರರು ಮುಚ್ಚುಮರೆ ಮಾಡುವವರಲ್ಲ, ಬಿಡಿ. ಸ್ವಚ್ಛ ಬರೆದಿದ್ದರು: ಸಂಡಾಸು.

ಇಲ್ಲಿ ನಮ್ಮ ಮನೆಯ ನಕಾಶೆಯನ್ನು ಸ್ವಲ್ಪ ಹೇಳಬೇಕು. ಆ ಕಾಲದಲ್ಲಿ ನಮ್ಮ ಎರಡೂ ಮನೆಗಳ ಸಂಡಾಸು ಹಿತ್ತಲ ತುದಿಗೆ. ಮಳೆಯಿರಲಿ ಚಳಿಯಿರಲಿ, ತಂಬಿಗೆ ಹಿಡಿದು ಅಲ್ಲಿಗೇ ನಡೆಯಬೇಕು. ಮಾಸ್ತರರು ಅದನ್ನು ಮನೆಗೆ ಅಂಟಿಸಿ ಕಟ್ಟಲಿದ್ದರು. ಗೋಡೆಯ ಆ ಬದಿಗೆ ಅವರ ಖುಲ್ಲಾ ಅಂಗಳ, ಈ ಬದಿಗೆ ನಮ್ಮ ಈಶಾನ್ಯ ಮೂಲೆ. ಆ ಮೂಲೆಯ ಗೂಡಿನಲ್ಲಿ ಅವ್ವ ಬಿಜಾಪುರದಿಂದ ಮಡಿಲಲ್ಲಿಟ್ಟುಕೊಂಡು ತಂದ ದೇವರು. ಬಸ್ಸಿನಲ್ಲಿ ಯಾರ ಕಾಲೂ ತಾಗಬಾರದೆಂದು ಪುಣೆಯವರೆಗೂ ಮಡಿಲು ಸಡಿಲಿಸದೆ ಕೂತು ಬಂದಿದ್ದಳು. ಈಗ ಆ ದೇವರ ಬೆನ್ನಿಗೇ ಸಂಡಾಸು ಬರುವುದಿತ್ತು.

ಅವ್ವನಿಗೆ ಹೇಳದೆ ಗತಿಯಿರಲಿಲ್ಲ. ಹೇಳಿದೆ. ಅವಳು ಕೂಗಾಡಲಿಲ್ಲ, ಅದೇ ಕಷ್ಟ. “ನಾ ಸತ್ತಮ್ಯಾಲ ಕಟ್ಟಿಕೋರಿ ಅಂತ ಹೇಳು. ಭಾಳ ದಿನ ಕಾಯಬೇಕಾಗಂಗಿಲ್ಲ,” ಅಂದಳು. ಅಂದಿನಿಂದ ಸಂಜೆ ಅವಳೂ ಕಟ್ಟೆಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಆ ಫಲಕವೊಂದೇ ಕೂತಿರುತ್ತಿತ್ತು.

ನಾನು ಎರಡೂ ಮನೆಗೆ ಓಡಾಡಿ ಬಡವಾದೆ. ಇನ್ನೊಂದು ಬದಿಗೆ ಕಟ್ಟಬಾರದೇ ಎಂದರೆ, ಅಲ್ಲಿ ನೀರಿನ ತೊಟ್ಟಿಯಿದೆ, ಚರಂಡಿಯ ಕೊಳವೆ ಇರುವುದು ಈ ಗೋಡೆಯಗುಂಟ ಎಂದು ಮಾಸ್ತರರು ನಕಾಶೆ ಬಿಡಿಸಿ ತೋರಿಸಿದರು. ಬೇಕಾದರೆ ಗೋಡೆಗೆ ಇನ್ನೊಂದು ಸಾಲು ಇಟ್ಟಿಗೆ ಕೊಡುತ್ತೇನೆ, ಕೂಡುವವರ ಬೆನ್ನು ದೇವರ ಕಡೆ ಬಾರದಂತೆ ಪ್ಯಾನು ಕೂಡಿಸುತ್ತೇನೆ, ಎರಡನ್ನೂ ಕರಾರಿನಲ್ಲಿ ಸೇರಿಸುತ್ತೇನೆ ಎಂದರು. ಅದನ್ನು ಅವ್ವನಿಗೆ ಹೇಳಿದೆ. “ಹಂಗಾರ ಮಾರಿ ದೇವರ ಕಡೆ ಬರ್ತದೇನು?” ಎಂದು ಕೇಳಿದಳು. ಇಷ್ಟೆಲ್ಲ ಹಟ ಮಾಡಿ ಈ ಕೋಣೆ ಈಗಲೇ ಯಾಕೆ ಬೇಕು ಎಂಬುದನ್ನು ಮಾತ್ರ, ಎಲ್ಲವನ್ನೂ ಬರೆಯುವ ಮಾಸ್ತರರು ಎಲ್ಲೂ ಬರೆದಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಆಷಾಢದ ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಅವ್ವ ಹೂ ಕೊಯ್ಯಲೆಂದು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಹಿತ್ತಲಿಗೆ ಹೋದವಳು, ಗಿಡ್ಡ ಕಂಪೌಂಡಿನ ಆಚೆ ಕಾಕೂ ಕೂತದ್ದನ್ನು ಕಂಡಳು. ಮನೆಗೂ ಹಿತ್ತಲ ತುದಿಗೂ ನಟ್ಟನಡುವೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಛತ್ರಿ ಒಂದು ಕಡೆ, ತಂಬಿಗೆ ಒಂದು ಕಡೆ. ಮೊಣಕಾಲು ಹಿಡಿದುಬಿಟ್ಟಿತ್ತು, ಮುಂದೆಯೂ ಹೋಗಲಾರರು, ಹಿಂದೆಯೂ ಬರಲಾರರು. ನಾಚಿಕೆಗೆ ಗಂಡನನ್ನೂ ಕೂಗಿರಲಿಲ್ಲ. ಅವ್ವನನ್ನು ನೋಡಿ, “ಕಾಹೀ ನಾಹೀ, ಕಾಹೀ ನಾಹೀ,” ಏನಿಲ್ಲ ಏನಿಲ್ಲ, ಎಂದು ನಗಲು ನೋಡಿದರಂತೆ. ಅಷ್ಟು ಮರಾಠಿ ಅವ್ವನಿಗೆ ತಿಳಿಯಿತು. ಹೂಬುಟ್ಟಿ ಅಲ್ಲೇ ಬಿಟ್ಟು, ಗೇಟು ಸುತ್ತಿ ಹೋಗಿ, ಹೆಗಲು ಕೊಟ್ಟು ಹಿತ್ತಲ ತುದಿಗೆ ಕರೆದೊಯ್ದಳು. ಹೊರಗೆ ಮಳೆಯಲ್ಲಿ ನಿಂತು ಕಾಯ್ದಳು. ಮತ್ತೆ ಹೆಗಲು ಕೊಟ್ಟು ಮನೆ ಮುಟ್ಟಿಸಿದಳು. ಕಾಕೂ ಕಟ್ಟೆಗೆ ಬಾರದೆ ಇದ್ದದ್ದು ನನ್ನ ಮೇಲಿನ ಸಿಟ್ಟಿಗಲ್ಲ, ಮುಂಬಾಗಿಲಿನಿಂದ ಕಟ್ಟೆಗೆ ಎರಡು ಮೆಟ್ಟಿಲು ಇಳಿಯಲಾಗದ್ದಕ್ಕೆ ಎಂದು ನಮಗೆ ಗೊತ್ತಾದದ್ದು ಆಗ.

ಅವ್ವ ಬಂದು ಎರಡನೆಯ ಸಲ ಸ್ನಾನ ಮಾಡಿದಳು. ಆಮೇಲೆ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಗಳಿದ್ದ ಗೋಡೆಯ ಮಾಡನ್ನು ಸೊಸೆಯಿಂದ ಖಾಲಿ ಮಾಡಿಸಿ, ತೊಳೆಸಿ, ರಂಗೋಲಿ ಎಳೆದು, ದೇವರನ್ನು ಒಂದೊಂದಾಗಿ ತಂದು ಅಲ್ಲಿ ಕೂಡಿಸತೊಡಗಿದಳು. ನಾನು ಹಲ್ಲುಜ್ಜುತ್ತ ಬಾಯಿ ಬಿಟ್ಟು ನಿಂತೆ.

“ಅವ್ವಾ, ಈಶಾನ್ಯ ಮೂಲಿ ಬಿಟ್ಟು ಬಂದಿಯಲ್ಲ?” ಎಂದು ಪೇಸ್ಟಿನ ಬಾಯಲ್ಲೇ ತೊದಲಿದೆ.

“ದೇವರಿಗೇನ ಮೊಣಕಾಲ ಬ್ಯಾನಿ ಅದ ಏನು?” ಅಂದಳು. “ಎಲ್ಲಿ ಇಟ್ಟರ ಅಲ್ಲಿ ಕೂಡತಾವ. ಆಕಿಗೆ ಆಗಬೇಕಲ್ಲಪಾ.”

ಹೇಳಲೇಬೇಕು, ನಮ್ಮ ತಾಯಿಯ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. ಬಾಯಲ್ಲಿ ಪೇಸ್ಟು ಇದ್ದದ್ದರಿಂದ ಅಷ್ಟು ದೊಡ್ಡ ಮಾತು ಹೇಳಲಾಗಲಿಲ್ಲ.

ಸುದ್ದಿ ತಿಳಿದು ಮಾಸ್ತರರು ಸಂಜೆ ಕರಾರು ಹಿಡಿದು ಬಂದರು. ಖಾಲಿಯಾದ ಗೂಡನ್ನು ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು, ಇದನ್ನೂ ಕರಾರಿನಲ್ಲಿ ಸೇರಿಸಬೇಕು ಎಂದರು: ‘ನನ್ನ ಹೆಂಡತಿಯ ಕಾಲುನೋವು ತಿಳಿದು, ಲಿಹೂನ ದೇಣಾರರ ತಾಯಿಯವರು ಸ್ವಸಂತೋಷದಿಂದ ತಮ್ಮ ದೇವರನ್ನು ಸ್ಥಳಾಂತರಿಸಿದ್ದಾರೆ.’ ಇಂಥ ಉಪಕಾರ ಬರೆಯದೆ ಉಳಿಯಬಾರದು, ನಾಳೆ ಮಕ್ಕಳಿಗೆ ತಿಳಿಯಬೇಕು ಎಂದು ಅವರ ವಾದ. ಅವರು ಕೊಡಬಲ್ಲ ದೊಡ್ಡ ಗೌರವ ಅದೇ ಎಂದು ನನಗೆ ಅಷ್ಟರಲ್ಲಿ ಅರ್ಥವಾಗಿತ್ತು. ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಬ್ಯಾಡ ಅನ್ನು. ಬರದಿಟ್ಟರ ಆಕಿಗೆ ದಿನಾ ಒಳಗ ಹೋಗಬೇಕಾದ್ರ ಇದು ನೆನಪಾಗ್ತದ. ಸಂಕೋಚ ಪಡ್ತಾಳ. ಮೊದಲಽ ನಾಚಿಕಿ ಮಂದಿ.”

ನಾನು ಅದನ್ನು ಮರಾಠಿಗೆ ತಂದೆ. ಮಾಸ್ತರರು ತೆರೆದ ಪೆನ್ನಿಗೆ ಟೋಪಿ ಮುಚ್ಚಿ, ಅದನ್ನು ಜೇಬಿಗೆ ಸಿಕ್ಕಿಸಿ, ಅಡುಗೆಮನೆಯ ಬಾಗಿಲ ಕಡೆ ಕೈ ಮುಗಿದರು. ಅವರು ಏನನ್ನಾದರೂ ಬರೆಯದೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಉಳಿದ ಕರಾರಿಗೆ ನಾನು ಹಾಳೆಹಾಳೆಗೂ ಸಹಿ ಮಾಡಿದೆ, ಓದಲು ಬರುವಂತೆ. ಜೋಶಿಯ ಮಾತು ನೆನಪಿಟ್ಟು ಎರಡು ತಪ್ಪನ್ನೂ ತೆಗೆದೆ, ಒಂದನ್ನು ಒಪ್ಪಿದರು.

ಕೋಣೆ ದೀಪಾವಳಿಯ ಒಳಗೆ ಮುಗಿಯಿತು. ಮೇಲೆ ನೀರಿನ ತೊಟ್ಟಿ, ಜಗ್ಗಿ ನೀರು ಬಿಡುವುದಕ್ಕೆ ಸರಪಳಿ. ಮಾಸ್ತರರು ಕೊಟ್ಟ ಮಾತಿನಂತೆ ಇನ್ನೊಂದು ಸಾಲು ಇಟ್ಟಿಗೆ ಹಾಕಿಸಿದ್ದರು, ಆದರೂ ಸರಪಳಿ ಜಗ್ಗಿದರೆ ನಮ್ಮ ಮನೆಯಲ್ಲಿ ಜಲಪಾತ ಬಿದ್ದಂತೆ ಕೇಳುತ್ತಿತ್ತು. ಅವ್ವ ರೇಗುತ್ತಾಳೆಂದು ನಾನು ಹೆದರಿದ್ದೆ. ಅವಳು ಬೆಳಿಗ್ಗೆ ಮಿಂದು ದೇವರ ಮುಂದೆ ಬತ್ತಿ ಹೊಸೆದು ಇಟ್ಟುಕೊಂಡು, ಕೈ ಕಟ್ಟಿ ಕೂಡುತ್ತಿದ್ದಳು. ಆಚೆ ಸರಪಳಿಯ ಸದ್ದಾಗಬೇಕು. “ಎದ್ದಾಳ, ಆರಾಮ ಇದ್ದಾಳ,” ಎಂದು ತನಗೆ ತಾನೇ ಹೇಳಿಕೊಂಡು ಆಮೇಲೆ ಕಡ್ಡಿ ಗೀರುತ್ತಿದ್ದಳು. ಒಂದು ದಿನ ಸದ್ದು ತಡವಾದದ್ದಕ್ಕೆ ನನ್ನನ್ನು ಎಬ್ಬಿಸಿ, ಹೋಗಿ ವಿಚಾರಿಸಿಕೊಂಡು ಬಾ ಎಂದು ಅಟ್ಟಿದ್ದೂ ಉಂಟು. ಕಾಕೂಗೆ ಹಾಸಿಗೆ ಬಿಟ್ಟು ಏಳಲು ಸೋಮಾರಿತನವಂತೆ, ಅಷ್ಟೇ. ದೇವರ ಬೆನ್ನಿಗೆ ಕೇಳಬಾರದೆಂದು ನಾವು ಅಷ್ಟೆಲ್ಲ ಒದ್ದಾಡಿದ ಸದ್ದು ಅದು. ಅದು ಕೇಳಿಸಿದ ಮೇಲೆಯೇ ನಮ್ಮ ಮನೆಯ ದೇವರಿಗೆ ಬೆಳಗಾಗುತ್ತಿತ್ತು.