ಸಸ್ಯಾಹಾರಿ ಫ್ಲವರ್‌ಹಾರ್ನ್

ನಮ್ಮದು ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟದ ಮನೆ. ಅಂಥ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಮಾಂಸ ತಿನ್ನುವ ಮೀನು ಸಾಕಿದ ಬುದ್ಧಿವಂತ ನಾನೇ. ದುರ್ಗದಬೈಲ್‌ನಲ್ಲಿ ನನ್ನದೊಂದು ಸೀರೆ ಅಂಗಡಿ. ಗಿರಾಕಿಗಳು ಇಪ್ಪತ್ತು ಸೀರೆ ಬಿಚ್ಚಿಸಿ "ಆಮ್ಯಾಲೆ ಬರ್ತೇವ್ರಿ" ಎಂದು ಎದ್ದು ಹೋಗುತ್ತಿದ್ದ ಕಾಲ. ವಾಸ್ತು ಹೇಳುವವರೊಬ್ಬರು ಬಂದರು. ಅಂಗಡಿಯನ್ನು ಬಿಟ್ಟು ಮನೆಯನ್ನು ನೋಡಿದರು. ಈಶಾನ್ಯ ಮೂಲೆಯಲ್ಲಿ ಫ್ಲವರ್‌ಹಾರ್ನ್ ಮೀನು ಇಡಿ, ಅದರ ತಲೆಯ ಗಡ್ಡೆ ಬೆಳೆದ ಹಾಗೆ ವ್ಯಾಪಾರ ಬೆಳೆಯುತ್ತದೆ ಎಂದರು. ನಾನು ಮರುದಿನವೇ ತಂದೆ.

ಈ ಮೀನು ಯಾವ ಹೊಳೆಯಲ್ಲೂ ಹುಟ್ಟಿದ್ದಲ್ಲ. ದೂರದೇಶದ ಸಿಕ್ಲಿಡ್ ಎಂಬ ಮೀನುಗಳ ನಾಲ್ಕಾರು ಬಗೆಗಳನ್ನು ಮನುಷ್ಯರೇ ಬೆರೆಸಿ ಬೆರೆಸಿ ಮಾಡಿದ್ದು. ಕೆಂಪು ಮೈ, ಪಕ್ಕೆಯ ಮೇಲೆ ಕಪ್ಪು ಗುರುತು, ತಲೆಯ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ. ಆ ಗುರುತಿನಲ್ಲಿ ನಮ್ಮ ಭಾವನಿಗೆ 'ಶ್ರೀ' ಕಂಡಿತು. ಪಕ್ಕದ ಮನೆಯ ಪ್ಲಾಟಿನ ದಲ್ಲಾಳಿಗೆ ಸರ್ವೆ ನಂಬರು ಕಂಡಿತು. ನನಗೆ ಏನೂ ಕಾಣಲಿಲ್ಲ, ಆದರೂ ಹೌದೌದು ಎಂದೆ. ಓಣಿಗೆ ನಳದ ನೀರು ಬರುವುದೇ ವಾರಕ್ಕೊಮ್ಮೆ; ಮೀನಿಗೂ ವಾರಕ್ಕೊಮ್ಮೆ ಹೊಸ ನೀರು ಬೇಕು. ಮನೆಮಂದಿಯೆಲ್ಲ ಸ್ನಾನವನ್ನು ಅರ್ಧ ಬಕೆಟ್ಟಿಗೆ ಇಳಿಸಿಕೊಂಡೆವು.

ಇನ್ನು ಒಪ್ಪಿಸಲು ಉಳಿದದ್ದು ಅವ್ವ ಒಬ್ಬಳೇ. ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟುವವಳಲ್ಲ. ಬೀಗರ ಮನೆಯ ಫ್ರಿಜ್‌ನಲ್ಲಿ ಮೊಟ್ಟೆ ಕಂಡು, ಬಡಿಸಿದ ಹೋಳಿಗೆ ಬಿಟ್ಟು ಎದ್ದು ಬಂದವಳು. ತೊಟ್ಟಿಯ ಮುಂದೆ ನಿಂತು ಕೇಳಿದಳು: "ಇದು ಏನ್ ತಿಂತೈತಿ, ತಮ್ಮಾ?"

"ಕಾಳಿನ ಹಿಟ್ಟಿನ ಗುಳಿಗಿ ಅವ್ವಾ. ಇದು ಪೂರಾ ನಮ್ಮಂಗ."

ಡಬ್ಬಿಯ ಮೇಲೆ ಮೀನಿನ ಪುಡಿ, ಸಿಗಡಿ ಪುಡಿ ಎಂದು ಇಂಗ್ಲಿಷಿನಲ್ಲಿ ಸಣ್ಣಗೆ ಬರೆದಿತ್ತು. ಅವ್ವನಿಗೆ ಇಂಗ್ಲಿಷ್ ಬಾರದು. ಅದು ನನಗೆ ಆಗ ದೊಡ್ಡ ಅನುಕೂಲವಾಗಿ ಕಂಡಿತು.

ಸಸ್ಯಾಹಾರಿ ಮೀನಿನ ಸುದ್ದಿ ನಮ್ಮ ಓಣಿ ದಾಟಿ ಗೋಪನಕೊಪ್ಪದ ತುಂಬ ಹಬ್ಬಿತು. ಅವ್ವನ ಭಜನಿ ಗೆಳತಿಯರು ಗುಂಪಾಗಿ ಬಂದು ತೊಟ್ಟಿಗೆ ಕೈಮುಗಿದರು. "ಸಂಸ್ಕಾರ ಅಂದ್ರ ಇದ ನೋಡ್ರಿ, ಮೀನಿಗೂ ಬಂದೈತಿ" ಎಂದರು. ನಾನು ಎದೆಯುಬ್ಬಿಸಿ ನಿಂತಿದ್ದೆ, ನಾಚಿಕೆಯಿಲ್ಲದೆ. ಅವ್ವನಿಗೆ ಅಭಿಮಾನ ಉಕ್ಕಿ ಮೀನಿನ ಊಟದ ಉಸ್ತುವಾರಿಯನ್ನು ತಾನೇ ವಹಿಸಿಕೊಂಡಳು. ಗುಳಿಗೆ ಮೂಲೆ ಸೇರಿತು. ಜೋಳದ ರೊಟ್ಟಿಯ ಪುಡಿ, ನೆನೆಸಿದ ಹೆಸರುಕಾಳು, ಸೋಮವಾರ ಉಪವಾಸದ ಸಾಬೂದಾಣಿ. ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು?

ತಿಂಗಳೊಳಗೆ ಗಡ್ಡೆ ಇಳಿಯಿತು, ಮೈಯ ಕೆಂಪು ಮಾಸಿತು. ನಾನು ಬಂದರೆ ಓಡಿ ಬಂದು ಗಾಜಿಗೆ ಮೂತಿ ಹಚ್ಚುತ್ತಿದ್ದ ಮೀನು ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದುಕೊಂಡಿತು. ಮೀನು ಮಾರಿದ ಅಂಗಡಿಯವನಿಗೆ ಹೇಳಿದರೆ ಹಣೆ ಚಚ್ಚಿಕೊಂಡ. "ರೊಟ್ಟಿ ಹಾಕೀರೇನ್ರಿ ಸಾವಕಾರ್ರ? ಒಣ ಸಿಗಡಿ ಹಾಕ್ರಿ ಲಗೂ. ಇಲ್ಲಾಂದ್ರ ಉಳಿಯೂದಿಲ್ಲ ನೋಡ್ರಿ."

ನಿಜ ಹೇಳಿದರೆ ಅವ್ವ ಈ ಮನೆಯಲ್ಲಿ ತುತ್ತು ಮುಟ್ಟುವುದಿಲ್ಲ. ಹೇಳದಿದ್ದರೆ ಮೀನು ಸಾಯುತ್ತದೆ. ವ್ಯಾಪಾರದ ಮಾತು ಆಗ ನನ್ನ ತಲೆಯಲ್ಲೇ ಇರಲಿಲ್ಲ. ಆ ಮೂತಿಯ ಮೇಲೆ ನನಗೆ ಜೀವ ಇತ್ತು. ಧೈರ್ಯವಿಲ್ಲದವರು ಹಿಡಿಯುವ ದಾರಿಯನ್ನೇ ಹಿಡಿದೆ. ಅವ್ವ ಪೂಜೆಗೆ ಕೂತ ಹೊತ್ತು ನೋಡಿ ತೊಟ್ಟಿಯ ಮುಂದೆ ನಿಲ್ಲುತ್ತಿದ್ದೆ, ಹಣೆಯ ಮೇಲೆ ವಿಭೂತಿ, ಮುಷ್ಟಿಯಲ್ಲಿ ಸಿಗಡಿ. ಮೀನು ಎದ್ದು ಬಂದು ತಿನ್ನತೊಡಗಿತು.

ನಾಲ್ಕನೆಯ ದಿನ ಅವ್ವ ಪೂಜೆಯಿಂದ ಬೇಗ ಎದ್ದು ಬಂದಳು.

"ಏನದು ಕೈಯಾಗ?"

"ಪುಟಾಣಿ ಕಾಳು ಅವ್ವಾ, ಕುಟ್ಟಿದ್ದು."

ಅವ್ವ ನನ್ನ ಮುಷ್ಟಿ ಬಿಡಿಸಿ ನೋಡಿದಳು. "ಪುಟಾಣಿಗೆ ಮೀಸಿ ಯಾವಾಗ ಬಂದ್ವೋ?"

ಎಲ್ಲವನ್ನೂ ಹೇಳಿದೆ. ಗುಳಿಗೆಯ ಡಬ್ಬಿಯಿಂದ ಹಿಡಿದು ಒಂದೂ ಬಿಡದೆ ಹೇಳಿದೆ. ಅವ್ವ ಬಯ್ಯಲಿಲ್ಲ. ಮೊದಲು ಮೀನನ್ನು ನೋಡಿದಳು.

"ಇಷ್ಟ ದಿನ ಇದನ್ನ ಉಪಾಸ ಕೆಡವಿದೆನಲ್ಲೋ ನಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅದು ಮೀನ. ಅದರ ಹೊಟ್ಟಿ ಹಂಗೈತಿ. ನಿನಗೇನಾಗಿತ್ತು?"

ಎರಡು ದಿನ ಅವ್ವ ಪಕ್ಕದ ಮನೆಯಲ್ಲಿ ಊಟ ಮಾಡಿದಳು. ನಾನು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಆ ಎರಡೂ ದಿನ, ಪೂಜೆಯ ಸ್ನಾನಕ್ಕೆ ಮುಂಚೆ, ಹೊತ್ತಿಗೆ ಸರಿಯಾಗಿ ಮೀನಿಗೆ ಸಿಗಡಿ ಹಾಕಿದವಳು ಅವಳೇ.