ಮೂರು ಹನಿ ಲ್ಯಾವೆಂಡರ್, ಬಿರಿದ ಅಂಗೈ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಬಾಗಿಲು ಬಡಿದ ಸದ್ದು. ಜೆಲಿ ಬಾರುಯೋಲ್ ದೀಪ ಹಚ್ಚಿ ಚಿಲಕ ತೆಗೆದರೆ, ಹೊರಗೆ ನಿಂತ ಗಂಡಸು ಮಾತಾಡುವುದಿಲ್ಲ. ಕಂದು ಸೀಸೆಯೊಂದನ್ನು ಹೊಸ್ತಿಲ ಮೇಲಿಟ್ಟು, ಎರಡೂ ಅಂಗೈಗಳನ್ನು ದೀಪಕ್ಕೆ ಹಿಡಿದು ತೋರಿಸಿ, ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಅಂಗೈಗಳು ಕೆಂಪಾಗಿ ಊದಿವೆ. ಬೆರಳ ಸಂದುಗಳು ಬಿರಿದಿವೆ.

ಅವನು ಫುಲ್‌ಕ್ರಾಂ ಎಸ್ತೆವ್. ಡ್ರೋಮ್ ಬೆಟ್ಟಸಾಲಿನ ಮೊಂಫೆರಾಲ್ ಎಂಬ ಹಳ್ಳಿಗೆ ಬ್ರೆಡ್ ಸುಟ್ಟು ಕೊಡುವವನು ಅವನೊಬ್ಬನೇ. ಎಳವೆಯಿಂದಲೂ ಅವನ ಕೈಗೆ ಎಕ್ಸಿಮಾ. ಸೀಸೆಯಲ್ಲಿದ್ದದ್ದು ಎರಡು ವರ್ಷದಿಂದ ಆ ಕೈಗಳನ್ನು ಕಾದ, ಜೆಲಿಯೇ ಬೆರೆಸಿಕೊಟ್ಟ ಎಣ್ಣೆ.

"ಬೈದಿದ್ರೆ ವಾಸಿ ಇತ್ತು," ಎನ್ನುತ್ತಾರೆ ಜೆಲಿ, ಭಟ್ಟಿಗೆ ಕಟ್ಟಿಗೆ ಒಡ್ಡುತ್ತಾ. "ಬಾಯಿ ಬಿಡದೆ ಹೋದ್ನಲ್ಲ, ಅದು ಚುಚ್ಚಿತು."

ಅರವತ್ತರ ಹತ್ತಿರದ ಈ ಹೆಂಗಸು ಅಪ್ಪನಿಂದ ಬಂದ ತಾಮ್ರದ ಭಟ್ಟಿಯನ್ನು ಒಬ್ಬರೇ ನಡೆಸುತ್ತಾರೆ. ನೂರು ಕಿಲೋ ಹೂವು ಬೇಯಿಸಿದರೆ ಅರ್ಧ ಕಿಲೋ ಎಣ್ಣೆ ಇಳಿದರೆ ಪುಣ್ಯ. ದೊಡ್ಡ ಕಾರ್ಖಾನೆಗಳು ಬಂದ ಮೇಲೆ ಕಣಿವೆಯ ಭಟ್ಟಿಗಳೆಲ್ಲ ತಣ್ಣಗಾದರೂ ಇದು ಉಳಿದಿರುವುದು ಚರ್ಮ ಕೆರೆದುಕೊಂಡು ರಾತ್ರಿ ಕಳೆಯುವವರಿಂದ. ದೊಡ್ಡ ಚಮಚ ಬಾದಾಮಿ ಎಣ್ಣೆಗೆ ಲ್ಯಾವೆಂಡರಿನ ಮೂರೇ ಹನಿ. ಅದನ್ನೂ ಮೊದಲು ಮೊಣಕೈ ಒಳಮಗ್ಗುಲಿಗೆ ಸವರಿ, ಎರಡು ದಿನ ಕಾದು ನೋಡಬೇಕೆಂಬುದು ಅವರ ಕಟ್ಟುನಿಟ್ಟು.

"ನನ್ನ ಎಣ್ಣೆ ರೋಗ ಕಳೆಯಲ್ಲ. ಡಾಕ್ಟರ ಮುಲಾಮು ಬಿಡಬೇಡಿ ಅಂತ ಎಲ್ರಿಗೂ ಹೇಳ್ತೀನಿ. ತುರಿಕೆ ತಗ್ಗಿಸಿ ಒಂದಿಷ್ಟು ನಿದ್ದೆ ಕೊಡತ್ತೆ, ಅಷ್ಟೇ. ಆ ನಿದ್ದೆಯ ಬೆಲೆ ನಂಗೊತ್ತು. ಚಿಕ್ಕವಳಿದ್ದಾಗ ನಾನು ಕೆರ್ಕೋಬಾರ್ದು ಅಂತ ಅಮ್ಮ ನನ್ನ ಎರಡೂ ಕೈಗೆ ಕಾಲುಚೀಲ ಹಾಕಿ ಮಲಗಿಸ್ತಿದ್ಲು."

ಆ ಮುಂಜಾನೆಯ ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತುತ್ತದೆ. ಸುತ್ತಿಸಿದವರು ಫುಲ್‌ಕ್ರಾಂನ ತಾಯಿ, ಊರೆಲ್ಲ ಮೆಮೆ ಎಂದು ಕರೆಯುವ ಎಂಬತ್ತರ ಅಜ್ಜಿ. "ಬೆರಕೆ ಹೂವು ಹಾಕಿದಾಳೆ ಕಣ್ರೀ! ಬಟ್ಟೆ ಸೋಪಿಗೆ ಹಾಕೋದನ್ನ ನನ್ನ ಮಗನ ಕೈಗೆ ಬಳಿದಿದಾಳೆ! ಅವಳ ಅಪ್ಪ ಇದ್ದಿದ್ರೆ ಅದೇ ಭಟ್ಟಿಲಿ ಅವಳನ್ನ ಬೇಯಿಸ್ತಿದ್ದ!"

ಬೆರಕೆ ಎಂದರೆ ಸೋಪಿಗಷ್ಟೇ ಸಲ್ಲುವ ಅಗ್ಗದ ಮಿಶ್ರತಳಿ; ಲ್ಯಾವೆಂಡರ್ ಬೆಳೆಯುವ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಜನ ಕೊಂಡ ಸೀಸೆಗಳನ್ನು ತಂದು ಜೆಲಿಯ ಕಾಂಪೌಂಡಿನ ಗೋಡೆಯ ಮೇಲೆ ಸಾಲಾಗಿ ಇಟ್ಟುಹೋಗುತ್ತಾರೆ. ಬಿರಿದ ಕೈಯಲ್ಲಿ ಹಿಟ್ಟು ನಾದಲಾಗದೆ ಬೇಕರಿಯ ಒಲೆ ಆರುತ್ತದೆ. ಮೆಮೆಯ ಮಾತನ್ನು ಊರು ನಂಬಿಬಿಟ್ಟರೆ ಭಟ್ಟಿಯೂ ಆರಿದಂತೆಯೇ.

ಜೆಲಿ ವಾದಕ್ಕೆ ಹೋಗುವುದಿಲ್ಲ. ಮರಳಿ ಬಂದ ಸೀಸೆಗಳ ಬಿರಡೆ ತೆಗೆದು ಒಂದೊಂದನ್ನೇ ಮೂಸುತ್ತಾರೆ. ಎಲ್ಲವೂ ಒಂದೇ ದಿನ ಇಳಿಸಿದ ಎಣ್ಣೆ, ಎಲ್ಲವೂ ಸರಿಯಾಗಿಯೇ ಇವೆ. ಫುಲ್‌ಕ್ರಾಂನ ಸೀಸೆ ಮಾತ್ರ ಬಣ್ಣದಂಗಡಿಯಂತೆ ಕಟುವಾಗಿ ನಾರುತ್ತದೆ. ಅದಕ್ಕೆ ಬಿರಡೆಯೇ ಇಲ್ಲ. ಕಂಠದ ಸುತ್ತ ಒಣಗಿದ ಹಿಟ್ಟಿನ ಬಳೆ.

ಹಿಟ್ಟು ಕಂಡದ್ದೇ ಅವರು ಬೇಕರಿಗೆ ನಡೆಯುತ್ತಾರೆ.

"ಯಾಕೆ ಬಂದೆ?" ಫುಲ್‌ಕ್ರಾಂ ತಲೆ ಎತ್ತುವುದಿಲ್ಲ.

"ನಿನ್ನ ಒಲೆ ನೋಡೋಕೆ ಬಂದೆ, ನಿನ್ನ ಮೋರೆ ನೋಡೋಕಲ್ಲ. ಸರಿ ಆಚೆ."

ಒಲೆಯ ನೆತ್ತಿಯ ಹಲಗೆಯ ಮೇಲೆ ಹುಳಿಹಿಟ್ಟಿನ ಜಾಡಿ ಕೂತಿದೆ. ಹುಳಿ ಏರಲು ಅದಕ್ಕೆ ಬಿಸಿಯೂ ಬೇಕು, ಗಾಳಿಯೂ ಬೇಕು. ಹಾಗಾಗಿ ಬಾಯಿಗೆ ಮುಚ್ಚಳದ ಬದಲು ಬಟ್ಟೆ. ಪಕ್ಕದಲ್ಲಿ ಧೂಳಿನ ನಡುವೆ ಸೀಸೆಯ ತಳದಷ್ಟೇ ಅಗಲದ ಚೊಕ್ಕಟ ವೃತ್ತ, ಅದರೊಳಗೆ ಅಂಥದೇ ಪುಟ್ಟ ಬಟ್ಟೆ. ಅದರ ಅಂಚಿನ ಹೊಲಿಗೆಯನ್ನು ಜೆಲಿ ಗುರುತಿಸುತ್ತಾರೆ. ಸದ್ದಿಲ್ಲದೆ ಅದನ್ನು ಜೇಬಿಗಿಳಿಸುತ್ತಾರೆ.

"ಬಿರಡೆ ಇಲ್ದೆ ಬೆಂಕಿ ನೆತ್ತಿ ಮೇಲೆ ಇದ್ರೆ ಎಣ್ಣೆ ಹಳಸತ್ತೆ. ಹಳಸಿದ್ದು ಚರ್ಮ ಸುಡತ್ತೆ."

"ಯಾರು ಇಟ್ಟಿದ್ದು ಇಲ್ಲಿ?"

"ಒಲೇನ ಕೇಳು. ಈಗ ಡಾಕ್ಟರಮ್ಮನ ಹತ್ರ ನಡಿ."

ವೈದ್ಯೆ ಎಣ್ಣೆ ನಿಲ್ಲಿಸಿ ಮುಲಾಮು ಕೊಡುತ್ತಾರೆ. ಚರ್ಮ ತಣಿದ ಮೇಲೆ ಹೊಸ ಎಣ್ಣೆಯನ್ನು ತಾವೇ ಪರೀಕ್ಷಿಸಿ, ಹಚ್ಚಬಹುದು ಎನ್ನುತ್ತಾರೆ. ಜೆಲಿ ಹೊಸ ಸೀಸೆಯನ್ನು ಬಿಗಿಯಾಗಿ ಮುಚ್ಚಿ, ನೆಲಮಾಳಿಗೆಯಲ್ಲಿ ಚೀಸ್ ಪಕ್ಕ ಇಡಲು ಹೇಳಿ ಕೊಡುತ್ತಾರೆ. ಆ ಪುಟ್ಟ ಬಟ್ಟೆ ಒಗೆದು ಮಡಚಿದ್ದು, ಯಾರ ಕಣ್ಣಿಗೂ ಬೀಳದೆ, ಹೊಲಿದವರ ಕೈ ಸೇರುತ್ತದೆ.

ಈಗ ಜುಲೈ. ಬೆಟ್ಟವೆಲ್ಲ ನೇರಳೆ. ಗೋಡೆಯ ಮೇಲೆ ಒಂದು ಸೀಸೆಯೂ ಉಳಿದಿಲ್ಲ. ಎಣ್ಣೆ ಹಳಸಿದ್ದು ಒಲೆಯ ಬಿಸಿಗೆ ಎಂದು ತಿಳಿದು, ಇಟ್ಟುಹೋದವರೇ ತಲೆ ತಗ್ಗಿಸಿ ಬಂದು ಒಯ್ದಿದ್ದಾರೆ. ಭಟ್ಟಿ ನಸುಕಿನಲ್ಲೇ ಹಬೆಯಾಡುತ್ತದೆ. ಬೇಕರಿಯಲ್ಲಿ ಫುಲ್‌ಕ್ರಾಂ ಬರಿಗೈಯಲ್ಲಿ ಹಿಟ್ಟು ನಾದುತ್ತಾನೆ, ಜೊತೆಗೆ ಅಪಸ್ವರದಲ್ಲಿ ಹಾಡುತ್ತಾನೆ. ಎಣ್ಣೆ ಕೆಡಿಸಿದವರು ಯಾರೆಂದು ಮಾತ್ರ ಊರಿಗೆ ತಿಳಿದಿಲ್ಲ.

"ಹೆಸರು ನನ್ನ ಬಾಯಿಂದ ಬರಲ್ಲ," ಎನ್ನುತ್ತಾರೆ ಜೆಲಿ, ಬ್ರೆಡ್ ಕೊಳ್ಳುವವರ ಸಾಲಿನಲ್ಲಿ ನಿಂತು. "ಅವನ ಕೈ ನೋಡಿ, ಮಗುವಿನ ಕೆನ್ನೆ ಹಾಗಿದೆ. ನಂಗಷ್ಟು ಸಾಕು."

ಅಷ್ಟರಲ್ಲಿ ಮೆಮೆಯ ಊರುಗೋಲು ಕಟ್ಟೆಯ ಮೇಲೆ ಠಣ್ಣೆನ್ನುತ್ತದೆ. "ಸಾಕಂತೆ! ಇವಳು ಹೇಳಲ್ಲ, ನನ್ನ ಹೊಟ್ಟೆಗೆ ಇಷ್ಟು ದಿನದಿಂದ ತುತ್ತು ಇಳೀತಿಲ್ಲ. ಎಲ್ರೂ ಕೇಳ್ರಿ! ಹುಳಿಹಿಟ್ಟಿನ ಹಾಗೆ ಎಣ್ಣೆನೂ ಉಸಿರಾಡಿ ಹದ ಆಗ್ಲಿ ಅಂತ, ಬಿರಡೆ ಬಿಸಾಕಿ, ಬಟ್ಟೆ ಕಟ್ಟಿ, ಒಲೆ ಮೇಲಿಟ್ಟ ಮಹಾಬುದ್ಧಿವಂತೆ ಯಾರು ಗೊತ್ತಾ?"

ಬೇಡವೆಂದು ಜೆಲಿ ತಲೆಯಾಡಿಸುತ್ತಾರೆ. ಅಜ್ಜಿ ಎದೆ ಸೆಟೆಸಿ ನಿಲ್ಲುತ್ತಾರೆ.

"ಎರ್ಮಾನ್ಸ್ ಎಸ್ತೆವ್, ಇವನನ್ನ ಹೆತ್ತೋಳು!"