ಶೆಡ್ಡಿನಲ್ಲಿ ನಾನು ನುಂಗಿದ ಮಾತು

ಆ ಮಧ್ಯಾಹ್ನ ಪೀಣ್ಯದ ಶೆಡ್ಡಿನೊಳಗೆ ಇದ್ದದ್ದು ನಾಲ್ಕೇ ಜನ. ನಾನು ಅಣ್ಣ ಎಂದು ಕರೆಯುವ ತಮಟೆ ಕಲಾವಿದರು, ಅವರ ಭಾವಮೈದ, ಹೊರದೇಶದಿಂದ ಬಂದಿದ್ದ ಪ್ರೊಫೆಸರ್, ಮತ್ತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಲು ನಿಂತಿದ್ದ ನಾನು. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಅಣ್ಣನ ಬಲಗೈ ಇವತ್ತು ನೆಟ್ಟಗಿರುತ್ತಿತ್ತು. ಇಷ್ಟನ್ನು ಬರೆಯುವುದಕ್ಕೆ ನನಗೆ ತಿಂಗಳುಗಳು ಬೇಕಾದವು.

ನಾನು ಒಂದು ಕಾಲೇಜಿನಲ್ಲಿ ಸಂಗೀತ ಶಿಕ್ಷಣದ ಪಾಠ ಹೇಳುತ್ತೇನೆ. ನಮ್ಮ ವಿಭಾಗಕ್ಕೂ ಆ ಪ್ರೊಫೆಸರ್ ಇರುವ ವಿಶ್ವವಿದ್ಯಾಲಯಕ್ಕೂ ಒಂದು ಒಪ್ಪಂದ ಇತ್ತು. ಅವರ ಕಡೆಯವರು ಇಲ್ಲಿಗೆ ಬಂದು ನಮ್ಮ ವಾದ್ಯಗಳನ್ನು ಕಲಿಸುವ ಕ್ರಮವನ್ನು ದಾಖಲಿಸುವುದು, ನಮ್ಮ ಕಡೆಯ ಒಬ್ಬ ಕಲಾವಿದರು ಅಲ್ಲಿಗೆ ಹೋಗಿ ಮೂರು ವಾರ ಪಾಠ ಮಾಡುವುದು. ಅಲ್ಲಿಯವರೆಗೆ ಹೋದವರೆಲ್ಲ ವೀಣೆಯವರು, ಮೃದಂಗದವರು. ಈ ಸಲ ತಮಟೆಯವರು ಹೋಗಲಿ ಎಂದು ಸಭೆಯಲ್ಲಿ ಹಟ ಹಿಡಿದವಳು ನಾನು. ಆ ಹಟದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅಣ್ಣ ಚಿಕ್ಕಬಾಣಾವರದವರು. ಅಲ್ಲಿ ಸುತ್ತಲೂ ಹೊಲಗಳಿದ್ದ ಕಾಲದಿಂದ ಅದೇ ಕೇರಿಯಲ್ಲಿ ಇರುವ ಮನೆತನ. ಹಗಲು ಪೀಣ್ಯದ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ. ಸಾವೋ ಮೆರವಣಿಗೆಯೋ ಬಂದರೆ ರಜೆ ಹಾಕಿ ತಮಟೆ. ಪಾಸ್‌ಪೋರ್ಟ್ ಕೈಗೆ ಬಂದ ದಿನ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಕಾಲೇಜಿಗೇ ಬಂದಿದ್ದರು. “ದಿನಾ ಎಲ್ರ ಐಡಿ ಕಾರ್ಡ್ ನೋಡೋನು ನಾನು ಮೇಡಂ. ಇವತ್ತು ನನ್ದು ನೀವ್ ನೋಡಿ,” ಎಂದು ಮೇಜಿನ ಮೇಲೆ ಇಟ್ಟಿದ್ದರು.

ಈಗ ಹೆಚ್ಚಿನವರು ಬಾರಿಸುವುದು ಫೈಬರ್ ಹಾಳೆಯ ತಮಟೆ. ಸ್ಕ್ರೂ ತಿರುಗಿಸಿದರೆ ಬಿಗಿಯಾಗುತ್ತದೆ. ಅಣ್ಣ ಚರ್ಮದ್ದನ್ನೇ ಇಟ್ಟುಕೊಂಡಿದ್ದರು. ಚರ್ಮದ ತಮಟೆಯನ್ನು ಬಾರಿಸುವ ಮೊದಲು ಕಾಯಿಸಬೇಕು. ಒಂದು ಹಿಡಿ ಹುಲ್ಲು, ಹಳೆ ಪೇಪರು ಹಾಕಿ ಬೆಂಕಿ ಮಾಡಿ, ಅದಕ್ಕೆ ತಮಟೆಯ ಮುಖ ಹಿಡಿದು, ನಡುನಡುವೆ ಬೆರಳಲ್ಲಿ ತಟ್ಟಿ ಕೇಳುತ್ತಾರೆ. ಮೊದಲು ಮಂಕಾಗಿ ಬರುವ ಸದ್ದು ಬರಬರುತ್ತಾ ಏರುತ್ತದೆ. ಪ್ರೊಫೆಸರ್ ಬಂದದ್ದೇ ಆ ಏರಿಕೆಗಾಗಿ. ಇಷ್ಟು ಕಾದರೆ ಸಾಕು ಎನ್ನುವುದನ್ನು ಗುರು ಶಿಷ್ಯನಿಗೆ ಹೇಗೆ ಕಲಿಸುತ್ತಾನೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಕಾಯಿಸುವ ಹೊತ್ತಿನ ಪ್ರತಿಯೊಂದು ತಟ್ಟೂ ಸ್ಪಷ್ಟವಾಗಿ ಬೇಕಿತ್ತು.

ಎರಡು ದಿನ ಬಯಲಲ್ಲಿ ಪ್ರಯತ್ನಿಸಿ ಸೋತೆವು. ಒಂದು ಕಡೆ ಲೇತ್ ಮಿಷನ್ನು, ಒಂದು ಕಡೆ ರಿವರ್ಸ್ ತೆಗೆಯುವ ಲಾರಿ. ಅಣ್ಣನ ಪರಿಚಯದ ಒಬ್ಬರು ತಮ್ಮ ಖಾಲಿ ಶೆಡ್ಡನ್ನು ಒಂದು ದಿನದ ಮಟ್ಟಿಗೆ ಬಿಟ್ಟುಕೊಟ್ಟರು. ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಅವರದೇ ಆರೇಳು ಶೆಡ್ಡುಗಳು. ಹಿಂದೆ ಪೇಂಟಿಂಗ್ ಮಾಡುವವರು ಬಾಡಿಗೆಗಿದ್ದರು, ಖಾಲಿ ಮಾಡಿಕೊಂಡು ಹೋದರು ಎಂದು ಬೀಗ ತೆಗೆಯುತ್ತಾ ಹೇಳಿದರು. ಮೂಲೆಯಲ್ಲಿ ಟಾರ್ಪಾಲು ಮುಚ್ಚಿದ ಒಂದು ಗುಡ್ಡೆ ಇತ್ತು. ಅದೇನು ಎಂದು ನಾನು ಕೇಳಲಿಲ್ಲ. ಅವರು ಟೀ ಕಳಿಸಿ ಹೊರಟುಹೋದರು. ಭಾವಮೈದ ಟೀ ಹೀರುತ್ತಾ, ಇವರ ಹೊಲದ ಬದುವಿನಲ್ಲಿ ನಿಂತು ನಿಮ್ಮಪ್ಪ ಬಾರಿಸ್ತಿದ್ದ, ನೋಡು ಭಾವ, ನಿನಗೆ ಶೀಟಿನ ಸೂರು ಸಿಕ್ಕಿತು ಎಂದು ಅಣ್ಣನನ್ನು ಕಿಚಾಯಿಸಿದ. ಹೊರಗಿನ ಸದ್ದು ಬರಬಾರದೆಂದು ರೋಲಿಂಗ್ ಶಟರನ್ನು ಪೂರ್ತಿ ಇಳಿಸಿದೆವು. ಇಳಿಸಿ ಎಂದದ್ದು ನಾನು.

ಪ್ರೊಫೆಸರ್ ಹೆಗಲಿನ ರೆಕಾರ್ಡರನ್ನು ಚಾಲೂ ಮಾಡಿದರು. ಅಣ್ಣ ಕುಕ್ಕರಗಾಲಲ್ಲಿ ಕೂತು ಹುಲ್ಲು ಹರಡಿದರು. ಡ್ಯೂಟಿಯಿಂದ ನೇರ ಬಂದಿದ್ದರಿಂದ ಯೂನಿಫಾರ್ಮಿನ ಪಾಲಿಯೆಸ್ಟರ್ ಶರ್ಟಿನಲ್ಲೇ ಇದ್ದರು. ಬೆಂಕಿಪೊಟ್ಟಣ ತೆಗೆದವರು ನಿಲ್ಲಿಸಿ, ಮೂಗೆಳೆದು, ನನ್ನ ಕಡೆ ತಿರುಗಿದರು.

“ಮೇಡಂ, ಒಳಗ್ ಬ್ಯಾಡ. ಥಿನ್ನರ್ ವಾಸ್ನೆ ಹೊಡೀತೈತೆ. ನಮ್ ಕಂಪ್ನೀಲೂ ಇಂಗೇ ಬತ್ತದೆ, ಅಲ್ಲಿ ಬೀಡಿ ಹಚ್ಚಕ್ಕೂ ಬಿಡಲ್ಲ ನಾವು. ಆಚೆ ಓಗಿ ಕಾಯಿಸ್ಕಂಡ್ ಬತ್ತೀನಿ, ಎರಡ್ ನಿಮ್ಷ.”

ಅವರು ಏನು ಹೇಳುತ್ತಿದ್ದಾರೆ ಎಂದು ಪ್ರೊಫೆಸರ್ ಕೇಳಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಕೆಲಸದಲ್ಲಿ ಒಂದು ಒಪ್ಪಿಗೆ ಪತ್ರ ಇರುತ್ತದೆ. ಕಲಾವಿದರು ಎಲ್ಲಿಯಾದರೂ ಹಿಂಜರಿದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಿಸಬೇಕು, ಹಿಂಜರಿಕೆಯನ್ನು ಪತ್ರದಲ್ಲಿ ಬರೆಯಬೇಕು, ಮತ್ತೆ ಶುರು ಮಾಡಲು ಪ್ರೊಫೆಸರ್ ವಿಶ್ವವಿದ್ಯಾಲಯದ ಸಮಿತಿಯಿಂದ ಹೊಸದಾಗಿ ಅನುಮತಿ ತರಬೇಕು. ನಾನೇ ಈ ನಿಯಮವನ್ನು ವರ್ಷವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಪ್ರೊಫೆಸರ್ ಮರುದಿನ ಹೊರಡುವವರಿದ್ದರು. ಈ ರೆಕಾರ್ಡಿಂಗ್ ಕೈಕೊಟ್ಟರೆ ಅಣ್ಣನ ಮೂರು ವಾರವೂ ಮುಂದಿನ ವರ್ಷಕ್ಕೆ ಹೋಗುತ್ತದೆ, ಮುಂದಿನ ವರ್ಷ ಮತ್ತೆ ವೀಣೆಯವರೇ ಹೋಗುತ್ತಾರೆ ಎಂದು ನನ್ನ ತಲೆಯಲ್ಲಿ ಓಡಿತು. ಕ್ಲಿಪ್ ಹಾಕಿದ ಪತ್ರ ಕೈಯಲ್ಲೇ ಇತ್ತು. ವಾಸನೆ ನನಗೂ ಬಂದಿತ್ತು.

ಶುರು ಮಾಡುತ್ತಾರಂತೆ ಎಂದು ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಣ್ಣನಿಗೆ, “ಪರ್ವಾಗಿಲ್ಲ ಅಣ್ಣ, ಕಾಯಿಸೋ ಸದ್ದೇ ಬೇಕಂತೆ ಅವ್ರಿಗೆ. ಇಲ್ಲೇ ಹಚ್ಚಿ,” ಎಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಡ್ಡಿ ಗೀರಿದರು.

ತಕ್ಷಣ ಏನೂ ಆಗಲಿಲ್ಲ. ಹುಲ್ಲು ಹೊತ್ತಿತು, ತಮಟೆಯ ಮುಖವನ್ನು ಅದಕ್ಕೆ ಹಿಡಿದರು, ತಟ್ಟಿದರು. ನಾಲ್ಕೈದು ಸಲ ತಟ್ಟಿದ್ದು ನನಗೆ ನೆನಪಿದೆ, ಸದ್ದು ಏರುತ್ತಾ ಇದ್ದದ್ದೂ ನೆನಪಿದೆ. ನಂತರ ನೆಲದ ಮೇಲೆ ನೀಲಿಯ ಒಂದು ತೆಳ್ಳನೆ ಪದರ ಮೂಲೆಯ ಟಾರ್ಪಾಲಿನ ಕಡೆಗೆ ಓಡಿತು. ನೀರು ಚೆಲ್ಲಿದರೆ ಹರಿಯುತ್ತದಲ್ಲ, ಹಾಗೆ. ಭಗ್ ಎಂದಿತು. ಟಾರ್ಪಾಲಿನಡಿ ಇದ್ದದ್ದು ಬಾಡಿಗೆಯವರು ಬಿಟ್ಟುಹೋದ ಥಿನ್ನರ್ ಡಬ್ಬಗಳು ಎಂದು ಆಮೇಲೆ ಗೊತ್ತಾಯಿತು. ಅಣ್ಣ ನೆಲಕ್ಕೆ ಹತ್ತಿರ ಕೂತಿದ್ದರಿಂದ ಅವರ ಬಲತೋಳು ಮೊದಲು ಹೊತ್ತಿತು. ಶರ್ಟು ಉರಿಯಲಿಲ್ಲ, ಕರಗಿ ಚರ್ಮಕ್ಕೆ ಅಂಟಿತು. ಪ್ರೊಫೆಸರ್ ಅಣ್ಣನ ಕಾಲರ್ ಹಿಡಿದು ಎಳೆಯುತ್ತಿದ್ದರು. ಭಾವಮೈದ ಶಟರಿಗೆ ಭುಜ ಕೊಟ್ಟ. ಅದು ಮೊಣಕಾಲಿನ ಎತ್ತರಕ್ಕೆ ಬಂದು ಸಿಕ್ಕಿಕೊಂಡಿತು.

ಆ ಸಂದಿಯಲ್ಲಿ ನುಸುಳಿ ಮೊದಲು ಹೊರಗೆ ಬಂದವಳು ನಾನು. ಯಾರನ್ನೂ ಎಳೆಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಪಕ್ಕದ ಶೆಡ್ಡಿನ ಲೇತಿನವರು ಮರಳಿನ ಬಕೆಟ್ಟು ಹಿಡಿದು ಓಡಿಬಂದಾಗ ರಸ್ತೆಯಲ್ಲಿ ಆ ಪತ್ರ ಹಿಡಿದುಕೊಂಡು ನಿಂತಿದ್ದೆ. ಶಟರ್ ಎತ್ತಿ ಉಳಿದ ಮೂವರನ್ನು ಹೊರಗೆ ತಂದವರು ಅವರು. ಈಗಲೂ ದಿನಕ್ಕೊಮ್ಮೆಯಾದರೂ ನನ್ನ ತಲೆಯಲ್ಲಿ ಆ ಶೆಡ್ಡು ಮೊದಲಿನಿಂದ ನಡೆಯುತ್ತದೆ. ಪಾಠದ ನಡುವೆ, ಬಸ್ಸಿನಲ್ಲಿ, ಒಲೆ ಹಚ್ಚುವಾಗ. ಪ್ರತಿ ಸಲವೂ ನಾನು ಪ್ರೊಫೆಸರ್ ಕಡೆ ತಿರುಗುವ ಕ್ಷಣದಲ್ಲಿ ಅದು ನಿಧಾನವಾಗುತ್ತದೆ. ಪ್ರತಿ ಸಲವೂ ಅದನ್ನೇ ಹೇಳುತ್ತೇನೆ.

ಆಸ್ಪತ್ರೆಯವರು ಕೈ ಉಳಿಸಿದರು. ತೋರುಬೆರಳು, ನಡುಬೆರಳು ಮಡಚಲು ಬರಲಿಲ್ಲ. ತಮಟೆಗೆ ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆ ಕಡ್ಡಿ ಬೇಕು. ಆ ಕೈಯಲ್ಲಿ ಇನ್ನು ಎರಡೂ ನಿಲ್ಲುವುದಿಲ್ಲ.

ಕೆಲವು ವಾರಗಳ ಮೇಲೆ ವಿಶ್ವವಿದ್ಯಾಲಯದ ಸಮಿತಿಯಿಂದ ಪತ್ರ ಬಂತು. ಕಲಾವಿದರು ತಮ್ಮ ಸಂಪ್ರದಾಯದಂತೆ ತಾವಾಗಿ ಒಳಾಂಗಣದಲ್ಲಿ ಬೆಂಕಿ ಹಚ್ಚಿದ್ದು ಎಂದು ತಮಗೆ ತೋರುತ್ತಿದೆ, ಹಾಗಿದ್ದರೆ ಚಿಕಿತ್ಸೆಯ ಹೊಣೆ ತಮ್ಮದಲ್ಲ ಎಂದು ಅದರ ಸಾರಾಂಶ. ರೆಕಾರ್ಡರು ಪ್ರೊಫೆಸರ್ ಹೆಗಲಲ್ಲಿದ್ದು ಉಳಿದುಕೊಂಡಿತ್ತು. ಅದರಲ್ಲಿರುವ ಅಷ್ಟೂ ಮಾತನ್ನು ಬರೆದು, ಅನುವಾದ ಮಾಡಿ ಕಳಿಸಬೇಕು ಎಂದು ನನ್ನನ್ನೇ ಕೇಳಿದ್ದರು. ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ನಾನು ಏನು ಬರೆದರೂ ಅದೇ ಅಣ್ಣನ ಮಾತಾಗುತ್ತಿತ್ತು.

ಫೈಲು ನಾಲ್ಕು ದಿನ ಲ್ಯಾಪ್‌ಟಾಪಿನಲ್ಲಿತ್ತು. ಐದನೆಯ ದಿನ ಬೆಳಿಗ್ಗೆ ಚಿಕ್ಕಬಾಣಾವರಕ್ಕೆ ಹೋದೆ. ಅಣ್ಣ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಬಲಗೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಅವರ ಹೆಂಡತಿ ನನಗೆ ಕುರ್ಚಿ ಹಾಕಿ ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಅವತ್ತು ನೀವು ಬೇಡ ಅಂದದ್ದನ್ನು ನಾನು ಅವರಿಗೆ ತಿಳಿಸಲೇ ಇಲ್ಲ ಎಂದಷ್ಟೇ ಹೇಳಿದೆ.

“ಗೊತ್ತು,” ಎಂದರು. “ನಾನ್ ಅಷ್ಟುದ್ದ ಯೋಳ್ದೆ. ನೀವು ಅವ್ರಿಗೆ ಎರಡೇ ಮಾತ್ ಅಂದ್ರಿ. ಇಂಗ್ಲೀಸು ಬರ್ದಿದ್ರೂ ಉದ್ದ ಗಿಡ್ಡ ಗೊತ್ತಾಗಲ್ವಾ ಮೇಡಂ?”

ಮತ್ತೆ ಯಾಕೆ ಹಚ್ಚಿದಿರಿ ಎಂದು ಕೇಳಿದೆ. ಕೇಳಬಾರದಿತ್ತು.

“ನೀವ್ ಓದ್ದೋರು. ಏನೋ ಯೋಚ್ನೆ ಮಾಡಿರ್ತೀರ ಅಂದ್ಕಂಡೆ.” ಮುಲಾಮಿನ ಮುಚ್ಚಳ ತಿರುಗಿಸಲು ಎರಡು ಸಲ ನೋಡಿ, ಹಾಗೇ ಪಕ್ಕಕ್ಕೆ ಇಟ್ಟರು. “ಅವತ್ತಿನ ರೆಕಾರ್ಡಿಂಗು ಒಂದ್ ಸಲ ಕೇಳಿಸಿ.”

ಬೇಡ ಎಂದರೂ ಬಿಡಲಿಲ್ಲ. ಫೋನಿಗೆ ಇಳಿಸಿಕೊಂಡಿದ್ದನ್ನು ಹಾಕಿದೆ. ಅವರ ಮಾತು, ನನ್ನ ಎರಡು ಮಾತು, ಕಡ್ಡಿ ಗೀರಿದ್ದು, ತಟ್ಟಿದ್ದು. ಐದನೆಯ ತಟ್ಟಿಗೆ ನಿಲ್ಲಿಸಿದೆ. ಅವರು ಕತ್ತು ಬಗ್ಗಿಸಿ, ಯಾರೋ ಬೇರೆಯವರ ಬಾರಿಸುವಿಕೆಯನ್ನು ತೂಗುವವರಂತೆ ಕೇಳುತ್ತಿದ್ದರು.

“ಇನ್ನೂ ವಸಿ ಕಾಯ್ಬೇಕಿತ್ತು,” ಎಂದರು.

ಅವತ್ತೇ ಮನೆಗೆ ಬಂದು ಬರೆದೆ. ಅವರ ಮಾತನ್ನು ಅಕ್ಷರ ಬಿಡದೆ, ಅದರ ಕೆಳಗೆ ಅದರ ಸರಿಯಾದ ಅನುವಾದ, ಅದರ ಕೆಳಗೆ ನಾನು ಅದಕ್ಕೆ ಬದಲಾಗಿ ಹೇಳಿದ್ದು. ಶಟರ್ ಇಳಿಸಲು ಹೇಳಿದವಳು ನಾನು ಎಂಬುದನ್ನೂ ಸೇರಿಸಿದೆ. ಪ್ರೊಫೆಸರಿಂದ ಒಂದು ಸಾಲಿನ ಉತ್ತರ ಬಂತು, ಓದಿದೆ ಎಂದು. ಆಮೇಲೆ ಅವರು ನನಗೆ ಬರೆದಿಲ್ಲ.

ಸಮಿತಿಯ ಎರಡನೆಯ ಪತ್ರ ಬರುವ ಹೊತ್ತಿಗೆ ಅಣ್ಣ ಡ್ಯೂಟಿಗೆ ಮರಳಿದ್ದರು. ಕಾರ್ಖಾನೆಯ ಗೇಟಿಗೇ ಹೋಗಿ, ಅವರ ತಗಡಿನ ಗೂಡಿನ ಪಕ್ಕ ನಿಂತು ಓದಿ ಹೇಳಿದೆ. ಚಿಕಿತ್ಸೆಯ ಹೊಣೆ ಅವರು ಹೊರುತ್ತಾರೆ. ಒಪ್ಪಂದವನ್ನು ನಿಲ್ಲಿಸಿದ್ದಾರೆ. ನಾನು ಇನ್ನು ಇಂಥ ಕೆಲಸದಲ್ಲಿ ಇರುವಂತಿಲ್ಲ. ಕೈ ಮೊದಲಿನಂತಾಗುವ ಭರವಸೆ ಇಲ್ಲದ್ದರಿಂದ ಅಣ್ಣನಿಗೆ ಕೊಟ್ಟಿದ್ದ ಮೂರು ವಾರದ ಆಹ್ವಾನವನ್ನು ವಿಷಾದದಿಂದ ಹಿಂತೆಗೆದುಕೊಂಡಿದ್ದಾರೆ. ಆ ಸಾಲಿಗೆ ಬಂದಾಗ ಒಂದು ಲಾರಿ ಬಂತು. ಅಣ್ಣ ಎಡಗೈಯಲ್ಲಿ ಅಡ್ಡಗಂಬ ಎತ್ತಿ, ನಂಬರು ನೋಡಿ, ಒಳಗೆ ಬಿಟ್ಟು ಬಂದರು. ನಾನು ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದೆ.

“ಅಷ್ಟೇನಾ?”

ಇನ್ನೊಂದಿತ್ತು. ಆ ರೆಕಾರ್ಡಿಂಗನ್ನು, ಅವಘಡದ ಮುಂಚಿನವರೆಗೆ ಮಾತ್ರ, ತಮ್ಮ ಸಂಗ್ರಹದಲ್ಲಿ ವಿದ್ಯಾರ್ಥಿಗಳ ಕಲಿಕೆಗೆ ಇಟ್ಟುಕೊಳ್ಳಲು ಕಲಾವಿದರ ಒಪ್ಪಿಗೆ ಇದೆಯೇ ಎಂದು ಕೇಳಿದ್ದರು.

ಅಣ್ಣ ರಸ್ತೆಯ ಕಡೆ ನೋಡಿದರು.

“ಬ್ಯಾಡ ಅನ್ನಿ,” ಎಂದರು. “ಅಷ್ಟೇ ಉದ್ದ ಯೋಳಿ. ಜಾಸ್ತೀನೂ ಬ್ಯಾಡ, ಕಮ್ಮೀನೂ ಬ್ಯಾಡ.”

ಅವರ ಎದುರಿಗೇ ಫೋನಿನಲ್ಲಿ ಆ ಒಂದು ಮಾತನ್ನು ಇಂಗ್ಲಿಷಿನಲ್ಲಿ ಬರೆದು, ಕಳಿಸಿ, ಪರದೆಯನ್ನು ಅವರ ಕಡೆ ತಿರುಗಿಸಿದೆ. ಅದು ಎಷ್ಟು ಉದ್ದ ಇದೆ ಎಂದು ಅವರು ಬಗ್ಗಿ ನೋಡಿದರು.